ಲೋಟ ಅಳೆಯದೆ ಬೋರ್ಡ್ ಬರೆಯಬೇಡಿ

"ಸಾರ್, ಕಾಫಿಗೆ 20 ಇಡ್ಲಾ, 22 ಇಡ್ಲಾ?"

ಹೋಟೆಲ್‌ಗಳ ಲೆಕ್ಕ ನೋಡುವ ನನಗೆ ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರ್‌ಗೆ 4 ರೂಪಾಯಿ ಏರಿದಾಗಂತೂ ಫೋನ್ ಕೆಳಗಿಡಲು ಆಗಲಿಲ್ಲ. ಅಷ್ಟರಲ್ಲಾಗಲೇ ಕಾಫಿ ಪುಡಿಯ ರೇಟೂ ಮೇಲೆ ಹೋಗಿ ಕೂತಿತ್ತು. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಲೋಟಕ್ಕೆ ಎಷ್ಟು ಎಂಎಲ್ ಬೀಳುತ್ತಿದೆ? ಆ ಕಡೆಯಿಂದ ಮಾತೇ ಇರುವುದಿಲ್ಲ.

ಬಸವನಗುಡಿ ಕಡೆಯ ಒಂದು ಸಣ್ಣ ದರ್ಶಿನಿಗೆ ಅಳತೆ ಜಾಡಿ ತಗೊಂಡೇ ಹೋಗಿದ್ದೆ. ಬೆಳಿಗ್ಗೆ ಏಳೂವರೆ, ಕೌಂಟರ್ ಮುಂದೆ ಜನ. ಕಾಫಿ ಮಾಸ್ಟರ್‌ಗೆ "ನೀವು ದಿನಾ ಹಾಕೋ ಹಾಗೇ ಹಾಕಿ" ಅಂದು, ನಡುನಡುವೆ ಒಂದೊಂದು ಲೋಟ ಎತ್ತಿ ಜಾಡಿಗೆ ಸುರಿದು ನೋಡಿದೆ. 100, 125, 110, 130. ಪರಿಚಯದ ಮುಖ ಕಂಡರೆ ಕೈ ಇನ್ನೂ ಸ್ವಲ್ಪ ಬಗ್ಗುತ್ತಿತ್ತು. ಸರಾಸರಿ 120 ಬಂತು. ಮಾಲೀಕರು ಬೆಲೆ ಕಟ್ಟಿದ್ದು 100 ಎಂಎಲ್ ಅಂದುಕೊಂಡು.

ಅವರ ಲೆಕ್ಕವನ್ನೇ ಸುಲಭಕ್ಕೆ ರೌಂಡ್ ಮಾಡಿ ಹೇಳುತ್ತೇನೆ. ಹಾಲು ಲೀಟರ್‌ಗೆ 50 ರೂಪಾಯಿ ಅಂತ ಇಟ್ಕೊಳ್ಳಿ. 100 ಎಂಎಲ್ ಕಾಫಿಗೆ 80 ಎಂಎಲ್ ಹಾಲು, ಅಂದರೆ 4 ರೂಪಾಯಿ. ಚಿಕೋರಿ ಬೆರೆಸಿದ ಪುಡಿ ಕೆಜಿಗೆ 700, ಲೋಟಕ್ಕೆ 7 ಗ್ರಾಂ, 4 ರೂಪಾಯಿ 90 ಪೈಸೆ. ಸಕ್ಕರೆ 40 ಪೈಸೆ. ಗ್ಯಾಸ್, ಉಕ್ಕಿ ಹೋದ ಹಾಲು, ಮಧ್ಯಾಹ್ನ ಚೆಲ್ಲಿದ ಹಳೇ ಡಿಕಾಕ್ಷನ್ ಎಲ್ಲ ಸೇರಿ 70 ಪೈಸೆ. ಒಟ್ಟು 10. ಬೋರ್ಡಿನ ಮೇಲೆ 20. "ಅರ್ಧಕ್ಕರ್ಧ ಲಾಭ ಅಲ್ವಾ ಸಾರ್?" ಅಂದರು.

ಅಲ್ಲ. ಆ 20ರೊಳಗೇ 5 ಪರ್ಸೆಂಟ್ ಜಿಎಸ್‌ಟಿ ಕೂತಿದೆ. ಅದನ್ನು ತೆಗೆದರೆ ಕೈಗೆ ಬರುವುದು 19 ರೂಪಾಯಿ ಚಿಲ್ಲರೆ, ಉಳಿಯುವುದು 9. ಈ 5 ಪರ್ಸೆಂಟ್ ಕಟ್ಟುವ ಹೋಟೆಲ್‌ಗೆ ತಾನು ಬೇರೆಯವರಿಗೆ ಕೊಟ್ಟ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ. ಕಟ್ಟಡದ ಮಾಲೀಕರು 90,000 ಬಾಡಿಗೆಗೆ 18 ಪರ್ಸೆಂಟ್ ಸೇರಿಸಿ ಬಿಲ್ ಕೊಟ್ಟರೆ ನಿಮ್ಮ ಬಾಡಿಗೆ 1,06,200. ಲೆಕ್ಕದಲ್ಲಿ 90,000 ಅಂತಲೇ ಬರೆದುಕೊಂಡು ಕೂತವರನ್ನು ಎಷ್ಟೋ ಸಲ ನೋಡಿದ್ದೇನೆ.

ಇವರಿಗೆ ಬಾಡಿಗೆ, ಸಂಬಳ, ಕರೆಂಟು, ನೀರು ಸೇರಿ ದಿನಕ್ಕೆ ಸುಮಾರು 9,000 ಬೇಕು. ಕಾಫಿಯೊಂದರಿಂದಲೇ ಎತ್ತಬೇಕು ಅಂದರೆ ಲೋಟಕ್ಕೆ 9 ರೂಪಾಯಿಯಂತೆ 1,000 ಲೋಟ. ಆದರೆ ಲೋಟಕ್ಕೆ 20 ಎಂಎಲ್ ಜಾಸ್ತಿ ಬೀಳುತ್ತಿದೆಯಲ್ಲ, ಅದರ ಖರ್ಚು ಹತ್ತಿರ ಹತ್ತಿರ 2 ರೂಪಾಯಿ. 9 ಇದ್ದದ್ದು 7 ಆಯಿತು. ಈಗ ಅದೇ 9,000ಕ್ಕೆ 1,286 ಲೋಟ ಮಾರಬೇಕು. ಅವರು ಏರಿಸಬೇಕು ಅಂದುಕೊಂಡಿದ್ದ ಆ 2 ರೂಪಾಯಿ ದಿನಾ ಅವರ ಕೌಂಟರ್ ಮೇಲೇ ಹರಿದು ಹೋಗುತ್ತಿತ್ತು.

ಡಿಕಾಕ್ಷನ್‌ಗೆ 20 ಎಂಎಲ್‌ನ ಒಂದು ಸಣ್ಣ ಸೌಟು ಕೊಡಿಸಿದೆವು. ಲೋಟವನ್ನೂ ಬದಲಾಯಿಸಿದೆವು, ಬಾಯಿ ಅಂಚಿನವರೆಗೆ ನೊರೆ ಬಂದರೆ ಒಳಗೆ 100 ಎಂಎಲ್ ಅಷ್ಟೇ ಇರುವಂಥದ್ದು. ಮಾಸ್ಟರ್‌ಗೆ ಸೌಟು ಇಷ್ಟವಾಗಲಿಲ್ಲ. "ಹಿಂಗೆ ಅಳೆದು ಹಾಕಿದ್ರೆ ನನ್ನ ಕೈ ಏನಕ್ಕೆ ಸಾರ್?" ಅಂದರು. ಸಿಟ್ಟು ನ್ಯಾಯವಾದದ್ದೇ. ಅವರ ಕೈ ಇರುವುದು ಡಿಕಾಕ್ಷನ್ ಇಳಿಸುವುದರಲ್ಲಿ ಅಂತ ಸಮಾಧಾನ ಮಾಡಬೇಕಾಯಿತು. ಒಂದು ಮಾತು: ಹಳೇ ಲೋಟ ಇಟ್ಟುಕೊಂಡು ಡಿಕಾಕ್ಷನ್ ತೆಳು ಮಾಡುವ ಉಪಾಯ ಬೇಡ. ದಿನಾ ಬರುವ ಗಿರಾಕಿಗೆ ಮೊದಲ ಗುಟುಕಿಗೇ ಗೊತ್ತಾಗುತ್ತದೆ.

ನಾನೂ ಈ ಕೆಲಸ ಶುರು ಮಾಡಿದಾಗ 'ಖರ್ಚಿನ ಮೂರು ಪಟ್ಟು' ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಒಬ್ಬರು ನನ್ನ ಮಾತು ನಂಬಿ ಕಾಫಿ ಬೆಲೆ ಒಂದೇ ಸಲ ಏರಿಸಿದರು. ಅವರ ಬೆಳಗಿನ ಗಿರಾಕಿಗಳು ಎದುರುಗಡೆ ಅಂಗಡಿಗೆ ಹೋದರು. ಜೊತೆಗೆ ಅವರ ಇಡ್ಲಿ ವಡೆಯೂ ಹೋಯಿತು. ಅಂಗಡಿಯಲ್ಲಿ ಜನ ನೆನಪಿಟ್ಟುಕೊಳ್ಳುವ ಬೆಲೆ ಒಂದೆರಡೇ, ಕಾಫಿ ಮತ್ತು ಟೀ. ಬಾದಾಮಿ ಹಾಲು, ಬೋರ್ನ್‌ವಿಟಾ ಎಷ್ಟು ಅಂತ ಕೇಳಿದರೆ ಬೋರ್ಡ್ ನೋಡಿಯೇ ಹೇಳಬೇಕು. ಹಾಗಾಗಿ ಕಾಫಿಯಲ್ಲಿ ಕೈ ಬಿಗಿ ಹಿಡಿದು, ಅಲ್ಲಿ ಐದು ರೂಪಾಯಿ ಜಾಸ್ತಿ ಇಟ್ಟರೂ ನಡೆಯುತ್ತದೆ. ಲೆಮನ್ ಟೀ ಮಾತ್ರ ತಕರಾರಿನ ಗಿರಾಕಿ. "ಹಾಲೇ ಇಲ್ಲ, ಅದೇ ರೇಟಾ?" ಅಂತ ಒಬ್ಬರಾದರೂ ಕೇಳುತ್ತಾರೆ.

ಬೈಟು ಬಗ್ಗೆಯೂ ಕೇಳುತ್ತಾರೆ. ಎರಡು ಲೋಟ ತೊಳೆಯಬೇಕು ನಿಜ. ಆದರೂ ಅದಕ್ಕೆ ಬೇರೆ ದುಡ್ಡು ತಗೊಳ್ಳಬೇಡಿ ಅಂತಲೇ ನಾನು ಹೇಳುವುದು. ಬೈಟು ಕುಡಿಯಲು ಬರುವವರು ಇಬ್ಬರು, ಒಬ್ಬರಿಗಾದರೂ ಹಸಿವಿರುತ್ತದೆ. ಪಾರ್ಸೆಲ್ ಕಪ್ಪಿಗೆ ಮಾತ್ರ ದುಡ್ಡು ತಗೊಳ್ಳಿ.

ಈಗ ಕೋಲ್ಡ್ ಕಾಫಿ. ಇದೇ ದರ್ಶಿನಿಯಲ್ಲಿ 90 ರೂಪಾಯಿ, ಖರ್ಚು 42, ಟ್ಯಾಕ್ಸ್ ಹೋಗಿ ಉಳಿಯುವುದು 43 ರೂಪಾಯಿ ಚಿಲ್ಲರೆ. 9 ಎಲ್ಲಿ, 43 ಎಲ್ಲಿ! ಮಾಲೀಕರು ದೊಡ್ಡ ಬ್ಯಾನರ್ ಹಾಕಿಸಿದ್ದರು. ಗಡಿಯಾರ ಹಿಡಿದು ನಿಂತೆ. ಐಸ್‌ಕ್ರೀಂ ತೆಗೆದು, ಮಿಕ್ಸಿಗೆ ಹಾಕಿ, ಜಾರ್ ತೊಳೆಯುವಷ್ಟರಲ್ಲಿ ಮೂರು ನಿಮಿಷ. ಎಂಟು ಗಂಟೆಯ ರಶ್‌ನಲ್ಲಿ ಅದೇ ಮಾಸ್ಟರ್ ಮೂರು ನಿಮಿಷಕ್ಕೆ 12 ಕಾಫಿ ಎತ್ತುತ್ತಾರೆ, ಅಂದರೆ 108 ರೂಪಾಯಿ. ಕ್ಯೂ ನೋಡಿ ನಾಲ್ಕು ಜನ ತಿರುಗಿ ಹೋದದ್ದು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಕೌಂಟರ್ ಖಾಲಿ ಇದ್ದಾಗ ಅದೇ ಕೋಲ್ಡ್ ಕಾಫಿ ಬಂಗಾರ.

ಕೂತು ಕುಡಿಯುವ ಕೆಫೆಗಳದ್ದು ಬೇರೆಯೇ ಕಥೆ. ಕ್ಯಾಪುಚಿನೋಗೆ 180 ಅಂದರೆ ದರೋಡೆ ಅನ್ನುವವರು ಆ ಕುರ್ಚಿಯ ಲೆಕ್ಕ ನೋಡಲಿ. 24 ಕುರ್ಚಿ, ದಿನಕ್ಕೆ ಹತ್ತು ಗಂಟೆ, ಅರ್ಧ ತುಂಬಿದರೆ 120 ಗಂಟೆ. ದಿನದ ಖರ್ಚು 12,000 ಇದ್ದರೆ ಕುರ್ಚಿಗೆ ಗಂಟೆಗೆ 100 ರೂಪಾಯಿ. ಕಪ್ಪಿನ ಖರ್ಚು 35 ಸೇರಿದರೆ 135. ಆ 180ರಲ್ಲಿ ಟ್ಯಾಕ್ಸ್ ತೆಗೆದರೆ ಕೈಗೆ ಬರುವುದು 171 ಚಿಲ್ಲರೆ. ಒಂದು ಗಂಟೆ ಕೂತವರಿಂದ 36 ರೂಪಾಯಿ ಸಿಕ್ಕಿತು. ಲ್ಯಾಪ್‌ಟಾಪ್ ಬಿಚ್ಚಿ ಎರಡು ಗಂಟೆ ಕೂತರೆ ಆ ಕಪ್ಪು ನಷ್ಟ.

ಬಸವನಗುಡಿಯವರು ಕೊನೆಗೆ ಕಾಫಿ 20ಕ್ಕೇ ಬಿಟ್ಟರು. ಬ್ಯಾನರ್ ಇಳಿಸಿ, ಬೋರ್ಡಿನ ಮೂಲೆಯಲ್ಲಿ ಸೀಮೆಸುಣ್ಣದಲ್ಲಿ 'ಕೋಲ್ಡ್ ಕಾಫಿ 11ರ ನಂತರ' ಅಂತ ಬರೆದರು. ಮೊನ್ನೆ ಬೆಳಿಗ್ಗೆ ಹೋಗಿದ್ದಾಗ ಕಾಲೇಜು ಹುಡುಗನೊಬ್ಬ "ಈಗ್ಲೇ ಕೊಡಿ ಅಂಕಲ್" ಅಂತ ಹಟ ಹಿಡಿದಿದ್ದ. ಗಲ್ಲಾದಲ್ಲಿದ್ದ ಮಾಲೀಕರು ನನ್ನ ಕಡೆ ನೋಡಿದರು. ಮಾಸ್ಟರ್ ತಲೆಯೆತ್ತದೆ ಅವನ ಮುಂದೆ ಬಿಸಿ ಕಾಫಿ ಇಟ್ಟರು. ಲೋಟ ನೋಡಿದೆ, 110 ಇತ್ತು ಅನಿಸಿತು. ನಾನೇನೂ ಹೇಳಲಿಲ್ಲ.