ಹೆಸರು ಒಂದೇ, ನಂಬರ್ ಬೇರೆ

ಲಿನಕ್ಸ್ ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆದು ‘ಐಡಿ’ ಎಂಬ ಕಮಾಂಡ್ ಕೊಟ್ಟರೆ ನಿಮ್ಮ ಹೆಸರಿನ ಜೊತೆ ಒಂದು ನಂಬರ್ ಕಾಣುತ್ತದೆ, ಸಾಮಾನ್ಯವಾಗಿ 1000. ಮ್ಯಾಕ್‌ನಲ್ಲಿ ಅದೇ ಕೆಲಸ ಮಾಡಿದರೆ ಬರುವುದು 501. ವಿಂಡೋಸ್ ಅಂತೂ ‘ಎಸ್-1-5-21’ ಎಂದು ಶುರುವಾಗುವ ಮಾರುದ್ದದ ಗುರುತು ಕೊಟ್ಟಿರುತ್ತದೆ. ಅದಕ್ಕೆ ಎಸ್ಐಡಿ ಎನ್ನುತ್ತಾರೆ. ಹೆಸರು ಇರುವುದು ನಮ್ಮ ಅನುಕೂಲಕ್ಕೆ. ಕಂಪ್ಯೂಟರ್ ನಮ್ಮನ್ನು ಗುರುತು ಹಿಡಿಯುವುದು ಈ ನಂಬರಿನಿಂದ.

ಎಲ್ಲ ಕಂಪ್ಯೂಟರುಗಳಿಗೂ ಒಂದೇ ಲಾಗಿನ್ ಇರಲಿ ಎಂದು ಹೊರಟವರು ಮೊದಲು ಯೋಚಿಸುವುದು ಪಾಸ್‌ವರ್ಡ್ ಬಗ್ಗೆ. ನಿಜವಾದ ಕಗ್ಗಂಟು ಇರುವುದು ನಂಬರಿನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಡಿಸ್ಕನ್ನು ನೆಟ್‌ವರ್ಕಿನ ಮೂಲಕ ಹಲವು ಕಂಪ್ಯೂಟರುಗಳು ಬಳಸಲು ಎನ್‌ಎಫ್‌ಎಸ್ ಎಂಬ ಪದ್ಧತಿಯಿದೆ. ಹಳೆಯ ರೀತಿಯ ಎನ್‌ಎಫ್‌ಎಸ್ ಹಂಚಿಕೆಯ ಡಿಸ್ಕನ್ನೇ ನೋಡಿ. ನಿಮ್ಮ ಕಂಪ್ಯೂಟರಿನಿಂದ ಅದರಲ್ಲಿ ಒಂದು ಫೈಲ್ ಉಳಿಸಿದಿರಿ. ‘ಮಾಲೀಕ: 1000’ ಎಂದಷ್ಟೇ ಅಲ್ಲಿ ದಾಖಲಾಗುತ್ತದೆ. ಪಕ್ಕದ ಮೇಜಿನವರ ಕಂಪ್ಯೂಟರಿನಲ್ಲಿ 1000 ಅಂದರೆ ಅವರು. ಅವರಿಗೆ ನಿಮ್ಮ ಫೈಲ್ ತಮ್ಮದೇ ಎಂಬಂತೆ ತೆರೆದುಕೊಳ್ಳುತ್ತದೆ. ಯಾರೂ ಬೀಗ ಒಡೆದಿಲ್ಲ, ಯಾರ ಪಾಸ್‌ವರ್ಡೂ ಸೋರಿಲ್ಲ.

ಪಾಸ್‌ವರ್ಡಿನ ಸಮಸ್ಯೆಗೆ ಒಳ್ಳೆಯ ಪರಿಹಾರ ಸಿಕ್ಕಿ ಬಹಳ ಕಾಲವಾಯಿತು. ಅಮೆರಿಕದ ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆಯಿಂದ ಕರ್ಬೆರೋಸ್ ಎಂಬ ಲಾಗಿನ್ ಪದ್ಧತಿ ಹುಟ್ಟಿತು. ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ಇದರ ಜಾಣತನ ನೋಡಿದಷ್ಟೂ ಸೊಗಸು. ನೀವು ಟೈಪ್ ಮಾಡಿದ ಪಾಸ್‌ವರ್ಡ್ ನೆಟ್‌ವರ್ಕಿಗೆ ಇಳಿಯುವುದೇ ಇಲ್ಲ. ಕಂಪ್ಯೂಟರ್ ಅದರಿಂದ ಒಂದು ಕೀಲಿ ತಯಾರಿಸಿ, ಈ ಕ್ಷಣದ ಸಮಯವನ್ನು ಆ ಕೀಲಿಯಿಂದ ಗೂಢಲಿಪಿಗೆ ತಿರುಗಿಸಿ ಸರ್ವರಿಗೆ ಕಳಿಸುತ್ತದೆ. ಸರ್ವರ್ ಬಳಿಯೂ ನಿಮ್ಮ ಕೀಲಿ ಇದೆ. ಬಿಚ್ಚಿ ನೋಡಿದಾಗ ಸಮಯ ತಾಳೆಯಾದರೆ ಒಂದು ಟಿಕೆಟ್ ಕೊಡುತ್ತದೆ. ಆಮೇಲೆ ಫೈಲ್ ಸರ್ವರಿಗೋ ಪ್ರಿಂಟರಿಗೋ ಹೋಗಬೇಕಾದಾಗ ಆ ಟಿಕೆಟ್ ತೋರಿಸಿ ಬೇರೆ ಟಿಕೆಟ್ ಪಡೆದರಾಯಿತು, ಪಾಸ್‌ವರ್ಡ್ ಮತ್ತೆ ಕೇಳುವುದಿಲ್ಲ. ವಿಂಡೋಸ್ ಡೊಮೇನಿನಲ್ಲಿ, ಅಂದರೆ ಒಂದೇ ಕೇಂದ್ರದಿಂದ ಲಾಗಿನ್ ನಿಭಾಯಿಸುವ ಕಂಪ್ಯೂಟರುಗಳ ಗುಂಪಿನಲ್ಲಿ, ಟಿಕೆಟಿನ ಆಯಸ್ಸು ಸಾಮಾನ್ಯವಾಗಿ 10 ಗಂಟೆ.

ಸಮಯವೇ ಸಾಕ್ಷಿಯಾದ ಮೇಲೆ ಗಡಿಯಾರ ತಪ್ಪುವಂತಿಲ್ಲ. ಸರ್ವರಿಗೂ ನಿಮ್ಮ ಕಂಪ್ಯೂಟರಿಗೂ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದ ಹಾಗೆಯೇ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದ ಯಂತ್ರದಲ್ಲಿ ಸರಿಯಾದ ಪಾಸ್‌ವರ್ಡನ್ನೇ ಎಷ್ಟು ಸಲ ಕೊಟ್ಟರೂ ಲಾಗಿನ್ ಆಗದು. ಮೊದಲು ಗಡಿಯಾರ ನೋಡಿ ಎಂದು ಹೊಸಬರಿಗೆ ಹೇಳುವುದು ಇದಕ್ಕೇ.

ವಿಂಡೋಸ್ ಡೊಮೇನುಗಳನ್ನು ನಡೆಸಲು ಮೈಕ್ರೋಸಾಫ್ಟ್ 2000ದಲ್ಲಿ ತಂದ ಆಕ್ಟಿವ್ ಡೈರೆಕ್ಟರಿ ಇದೇ ಕರ್ಬೆರೋಸನ್ನು ಎಲ್‌ಡ್ಯಾಪ್ ಎಂಬ ಡೈರೆಕ್ಟರಿ (ಬಳಕೆದಾರರ ವಿವರಗಳ ಪಟ್ಟಿ) ಪದ್ಧತಿಯೊಂದಿಗೆ ಜೋಡಿಸಿತು. ಎರಡೂ ಬಹಿರಂಗ ಮಾನದಂಡಗಳಾದ್ದರಿಂದ ಲಿನಕ್ಸ್, ಮ್ಯಾಕ್‌ಗಳೂ ಅದರೊಡನೆ ಮಾತಾಡಬಲ್ಲವು. ಲಿನಕ್ಸನ್ನು ವಿಂಡೋಸ್ ಜೊತೆ ಬೆಸೆಯುವ ತಂತ್ರಾಂಶವಾದ ಸಾಂಬಾದ 4ನೇ ಆವೃತ್ತಿ 2012ರಲ್ಲಿ ಬಂದ ಮೇಲೆ ಲಿನಕ್ಸ್ ಸರ್ವರೇ ವಿಂಡೋಸ್ ಯಂತ್ರಗಳಿಗೆ ಡೊಮೇನ್ ಕಂಟ್ರೋಲರ್, ಅಂದರೆ ಲಾಗಿನ್ ನಿಭಾಯಿಸುವ ಕೇಂದ್ರ ಸರ್ವರ್, ಆಗುವಂತಾಯಿತು.

ಇನ್ನು ನಂಬರ್. ಎಸ್ಐಡಿಯನ್ನು ಲಿನಕ್ಸಿನ ನಂಬರಿಗೆ ಹೊಂದಿಸಲು ಎರಡು ದಾರಿ. ಎಸ್ಎಸ್ಎಸ್‌ಡಿಯಂಥ ತಂತ್ರಾಂಶ ಎಸ್ಐಡಿಯಿಂದಲೇ ಲೆಕ್ಕ ಹಾಕಿ ನಂಬರ್ ಹುಟ್ಟಿಸುತ್ತದೆ. ಸೆಟ್ಟಿಂಗ್ ಒಂದೇ ಇದ್ದರೆ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಉತ್ತರ ಒಂದೇ. ಇಲ್ಲವೇ ಪ್ರತಿಯೊಬ್ಬರ ನಂಬರನ್ನೂ ಡೈರೆಕ್ಟರಿಯಲ್ಲೇ ಬರೆದಿಡಬಹುದು. ಹೊಸದಾಗಿ ಕಟ್ಟುವವರಿಗೆ ಮೊದಲನೆಯದು ಸಲೀಸು. ಹಳೆಯ ಫೈಲುಗಳು ರಾಶಿ ಬಿದ್ದಿದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ, ಇದ್ದ ನಂಬರನ್ನೇ ಉಳಿಸಿಕೊಳ್ಳಬಹುದಲ್ಲ. ನಂಬರ್ ಬದಲಾಯಿಸಿದ್ದೇ ಆದರೆ ಪ್ರತಿ ಫೈಲಿನ ಮಾಲೀಕತ್ವವನ್ನೂ ತಿದ್ದಬೇಕು. ತಿದ್ದದೆ ಬಿಟ್ಟ ಫೋಲ್ಡರನ್ನು ತೆರೆದು ನೋಡಿ: ಮಾಲೀಕರ ಹೆಸರು ಇರಬೇಕಾದ ಕಡೆ ಬರೀ 1000 ಎಂದಿರುತ್ತದೆ, ಬರೆದವರಿಗೇ ಅದರೊಳಗೆ ಒಂದಕ್ಷರ ತಿದ್ದಲು ಬಿಡುವುದಿಲ್ಲ.