ಹಸಿರು ಗುರುತು ನಂಬುವ ಮುನ್ನ

ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಿಂದ ಫೋನ್ ಬಂತು. ತಿಂಗಳ 10ನೇ ತಾರೀಕು. ಮರುದಿನವೇ ಜಿಎಸ್‌ಟಿಆರ್-1 ಸಲ್ಲಿಸಲು ಕೊನೇ ದಿನ. "ಸರ್, ಬಿಲ್ ಸ್ಕ್ಯಾನ್ ಮಾಡಿದ್ರೆ ಫೋಲ್ಡರ್‌ಗೆ ಬರ್ತಾನೇ ಇಲ್ಲ" ಅಂದರು ಮೇಡಂ. ಹೋಗಿ ನೋಡಿದರೆ ಹಳೇ ಜೆರಾಕ್ಸ್ ಮೆಷಿನ್. ಸರ್ವರ್‌ಗಳ ಭದ್ರತಾ ದೋಷ ಹುಡುಕಿ ತಾನೇ ಸರಿಮಾಡುವ ಆಟೊಮ್ಯಾಟಿಕ್ ಟೂಲ್ ಒಂದನ್ನು ನಾವು ಟ್ರಯಲ್‌ಗೆ ಅಂತ ಹಾಕಿದ್ದೆವು. ಅದು ಹಿಂದಿನ ರಾತ್ರಿ ಸರ್ವರ್‌ನಲ್ಲಿ ಎಸ್‌ಎಂಬಿ-1 (ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಹಳೇ ವಿಧಾನ) ಆಫ್ ಮಾಡಿತ್ತು. ಆ ಮೆಷಿನ್‌ಗೆ ಗೊತ್ತಿದ್ದದ್ದು ಅದೊಂದೇ ಪ್ರೋಟೋಕಾಲ್.

ಆಫ್ ಮಾಡಿದ್ದು ಸರಿಯೇ. 2017ರ ಮೇ ತಿಂಗಳಲ್ಲಿ ಫೈಲ್‌ಗಳನ್ನು ಲಾಕ್ ಮಾಡಿ ಹಣ ಕೇಳುವ ವಾನಾಕ್ರೈ ಮಾಲ್‌ವೇರ್ ಹರಡಿದ್ದು ಎಸ್‌ಎಂಬಿ-1ರ ತೂತಿನಿಂದ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ (ತೂತು ಮುಚ್ಚುವ ಅಪ್‌ಡೇಟ್) ಕೊಟ್ಟಿತ್ತು, ಹಾಕದೆ ಕೂತವರು ಪೆಟ್ಟು ತಿಂದರು. ನೂರಾರು ಸರ್ವರ್‌ಗಳಿಗೆ ಕೈಯಲ್ಲಿ ಪ್ಯಾಚ್ ಹಾಕಿ ಮುಗಿಸಲು ಆಗುವುದಿಲ್ಲ, ಟೂಲ್ ಬೇಕೇ ಬೇಕು. ಆದರೆ ಎಸ್‌ಎಂಬಿ-1ನ್ನು ಯಾರು ಬಳಸುತ್ತಿದ್ದಾರೆ ಅಂತ ಅದು ನೋಡಿರಲಿಲ್ಲ. ವಿಂಡೋಸ್ ಸರ್ವರ್‌ನಲ್ಲಿ ಅದರ ಆಡಿಟ್ ಆನ್ ಮಾಡಿದರೆ ಯಾವ ಮೆಷಿನ್ ಬಂತು ಅಂತ ಲಾಗ್‌ನಲ್ಲಿ ಬೀಳುತ್ತದೆ. ಒಂದು ವಾರ ಕಾದಿದ್ದರೆ ಸಾಕಿತ್ತು.

ಇನ್ನೊಂದು ತೊಂದರೆ ಆಗ ಗೊತ್ತಾಯಿತು. ಟೂಲ್‌ನಲ್ಲಿ ರೋಲ್‌ಬ್ಯಾಕ್ (ಮಾಡಿದ್ದನ್ನು ವಾಪಸ್ ತರುವ) ಬಟನ್ ಇತ್ತು, ಆದರೆ ಪ್ಯಾಚ್‌ಗೆ ಮಾತ್ರ. ಬದಲಿಸಿದ ಸೆಟ್ಟಿಂಗ್‌ಗಳ ಪಟ್ಟಿಯೂ ಇರಲಿಲ್ಲ. ಒಂದೊಂದಾಗಿ ಹುಡುಕಿ ಸರಿಮಾಡಲು ಮೂರು ಗಂಟೆ ಹಿಡಿಯಿತು. ಅಲ್ಲಿವರೆಗೆ ಅವರು ಬಿಲ್‌ಗಳನ್ನು ಪೆನ್‌ಡ್ರೈವ್‌ಗೆ ಸ್ಕ್ಯಾನ್ ಮಾಡಿಕೊಂಡರು.

ಈಗ ಯಾವ ಟೂಲ್ ಬಂದರೂ ಮೊದಲು ಒಂದು ಟೆಸ್ಟ್ ಸರ್ವರ್‌ನಲ್ಲಿ ಅದನ್ನು ಓಡಿಸಿ, ಬದಲಾದ ಎಲ್ಲವನ್ನೂ ವಾಪಸ್ ತನ್ನಿ ಅಂತ ಅದನ್ನು ಮಾರುವವರನ್ನು ಕೇಳುತ್ತೇನೆ. ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಟ್ಟುಕೊಳ್ಳುತ್ತೇನೆ.

ಆಮೇಲೆ, ದೋಷ ಸರಿಯಾಯಿತು ಅಂತ ಟೂಲ್ ತೋರಿಸುವ ಹಸಿರು ಗುರುತು. ಡೆಮೊದಲ್ಲಿ ಕೆಂಪು ಸಾಲುಗಳೆಲ್ಲ ಒಂದೊಂದಾಗಿ ಹಸಿರಾಗುವುದನ್ನು ನೋಡಲು ಚೆನ್ನಾಗಿರುತ್ತದೆ ಅಲ್ವಾ? ಆದರೆ ಲಿನಕ್ಸ್ ಸರ್ವರ್‌ಗೆ ಲಾಗಿನ್ ಆಗಿ, ಯಾವ ಪ್ರೋಗ್ರಾಂ ಯಾವ ಫೈಲ್ ಬಳಸುತ್ತಿದೆ ಅಂತ ತೋರಿಸುವ ಎಲ್‌ಎಸ್‌ಒಎಫ್ ಕಮ್ಯಾಂಡ್ ಓಡಿಸಿ ನೋಡಿ. ಕೆಲವು ಸಲ ಹಳೇ ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಷನ್) ಲೈಬ್ರರಿಯ ಸಾಲಿನಲ್ಲಿ 'ಡಿಇಎಲ್', ಅಂದರೆ ಡಿಲೀಟ್ ಆಗಿದೆ ಅಂತ ಕಾಣುತ್ತದೆ. ಡಿಸ್ಕ್‌ನಲ್ಲಿ ಹೊಸ ಫೈಲ್ ಬಂದಿದೆ, ಆದರೆ ವೆಬ್ ಸರ್ವರ್ ರೀಸ್ಟಾರ್ಟ್ ಆಗಿಲ್ಲ. ಮೆಮೊರಿಯಲ್ಲಿ ಓಡುತ್ತಿರುವುದು ಹಳೇ ತೂತೇ. ಲಿನಕ್ಸ್‌ನ ತಿರುಳಾದ ಕರ್ನಲ್ ಕಥೆಯೂ ಅಷ್ಟೇ, ಓಡುತ್ತಿರುವಾಗಲೇ ಹಾಕುವ ಲೈವ್ ಪ್ಯಾಚ್ ಇಲ್ಲದಿದ್ದರೆ ರೀಬೂಟ್ ಆಗಲೇಬೇಕು.

ಉಲ್ಟಾ ತಪ್ಪೂ ಆಗುತ್ತದೆ. 2024ರ ಜುಲೈನಲ್ಲಿ ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ದೊಡ್ಡ ದೋಷವೊಂದು ಹೊರಬಿತ್ತು. ಮೂಲದಲ್ಲಿ ಅದು 9.8ರಲ್ಲಿ ಸರಿಯಾಯಿತು. ಉಬುಂಟು ಲಿನಕ್ಸ್ 22.04ರವರು ತಮ್ಮ 8.9ಕ್ಕೇ ಆ ಪ್ಯಾಚ್ ಸೇರಿಸಿದರು. ಬರೀ ವರ್ಷನ್ ನಂಬರ್ ನೋಡುವ ಟೂಲ್‌ಗಳಿಗೆ ಅದು ಪ್ಯಾಚ್ ಆದಮೇಲೂ ಕೆಂಪೇ. ಇಂಥವು ಜಾಸ್ತಿಯಾದರೆ ಟೀಂನವರು ಎಚ್ಚರಿಕೆ ಓದುವುದನ್ನೇ ಬಿಡುತ್ತಾರೆ.

ಸ್ಕೋರ್ ಒಂದನ್ನೇ ನೋಡಿ ಸರದಿ ಹಾಕುವ ಟೂಲ್ ನನಗೆ ಬೇಡ. ದೋಷದ ತೀವ್ರತೆ ಅಳೆಯುವ ಸಿವಿಎಸ್‌ಎಸ್ ಸ್ಕೋರ್ 10ಕ್ಕೆ 9 ಇದ್ದರೂ ಯಾರೂ ಮುಟ್ಟದ ದೋಷಗಳಿವೆ. ದಾಳಿಕೋರರು ಈಗಾಗಲೇ ಬಳಸುತ್ತಿರುವ ದೋಷಗಳ ಪಟ್ಟಿಯನ್ನು ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರಿಂದ ಕೊಡುತ್ತಿದೆ. ಅದರಲ್ಲಿರುವವು ಮೊದಲು ಬರಬೇಕು. ಮತ್ತೆ, ಒಂದೇ ಸಲ ಎಲ್ಲ ಕಡೆ ಹಾಕುವುದು ಬೇಡವೇ ಬೇಡ. 2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತುಹೋದವು. ನಾನು ಮೊದಲ ದಿನ ಐದೇ ಮೆಷಿನ್‌ಗೆ ಬಿಡುತ್ತೇನೆ.

ಪೀಣ್ಯದ ಜೆರಾಕ್ಸ್ ಮೆಷಿನ್‌ಗೆ ಹೊಸ ಫರ್ಮ್‌ವೇರ್ (ಮೆಷಿನ್ ಒಳಗಿನ ಸಾಫ್ಟ್‌ವೇರ್) ಹಾಕಿಸಿದೆವು, ಎಸ್‌ಎಂಬಿ-2 ಬಂತು. 12ನೇ ತಾರೀಕು ಸಂಜೆ ಎಸ್‌ಎಂಬಿ-1 ಮತ್ತೆ ಆಫ್ ಮಾಡಿದೆ. ಮೇಡಂ ಒಂದು ಬಿಲ್ ಇಟ್ಟು ಸ್ಕ್ಯಾನ್ ಒತ್ತಿದರು. ಅದು ಫೋಲ್ಡರ್‌ಗೆ ಬಂದಮೇಲೇ ಅಲ್ಲಿಂದ ಎದ್ದೆ.