ಪ್ರೀಕಂಪೈಲ್ಡ್ ಹೆಡರ್ ಕೈ ಕೊಟ್ರ ಎಲ್ಲಿಂದ ನೋಡೂದು

ಪ್ರೀಕಂಪೈಲ್ಡ್ ಹೆಡರ್ ಅಂದ್ರ, ನಮ್ಮ ಕೋಡ್ ಫೈಲ್‌ಗಳು ಇನ್ಕ್ಲೂಡ್ ಮಾಡಿ ಎಳಕೊಳ್ಳೂ ಹೆಡರ್ ಫೈಲನ್ನ ಕಂಪೈಲರ್ ಒಮ್ಮಿ ಓದಿ ಸಿದ್ಧ ಮಾಡಿ ಇಟ್ಟದ್ದು. ಮೊದಲ ಒಂದ್ ಮಾತು, ಇದ್ರಾಗ ಫ್ಲ್ಯಾಗು (ಕಂಪೈಲರ್‌ಗೆ ಕೊಡೂ ಸೂಚನೆ), ಫೈಲ್ ಹೆಸರು ಎಲ್ಲಾ ಕನ್ನಡದಾಗ ಬರದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಾಗ ಹೊಡೀರಿ, ಇಲ್ಲಾಂದ್ರ ಕಂಪೈಲರ್ ನಿಮಗೂ ಬೈತೈತಿ ನನಗೂ ಬೈತೈತಿ.

ಈ ನೋಟ್ಸ್ ಹುಟ್ಟಿದ್ದು ಬಾಗಲಕೋಟಿ ವಿದ್ಯಾಗಿರಿಯಾಗಿನ ನಮ್ಮ ರೂಮಿನ್ಯಾಗ. ವಿಷುವಲ್ ಸ್ಟುಡಿಯೋದಾಗ ಸಿ ಪ್ಲಸ್ ಪ್ಲಸ್ ಮಿನಿ ಪ್ರಾಜೆಕ್ಟ್ ನಡದಿತ್ತು. ದೋಸ್ತ ಒಬ್ಬಾಂವ ತನ್ನ ಹಳೇ .ಸಿ ಫೈಲ್ ಒಂದ್ ಪೆನ್ ಡ್ರೈವ್‌ದಾಗ ತಂದು ಪ್ರಾಜೆಕ್ಟಿಗೆ ಸೇರಿಸಿದ, ಬಿಲ್ಡ್ ಒತ್ತಿದ ಕೂಡ್ಲೇ ಸಿ1010 ಎರರ್, ಪ್ರೀಕಂಪೈಲ್ಡ್ ಹೆಡರ್ ಹುಡುಕ್ತಾ ಹುಡುಕ್ತಾ ಫೈಲ್ ಮುಗದ ಹೋತು, ಪಿಸಿಎಚ್.ಎಚ್ ಇನ್ಕ್ಲೂಡ್ ಮಾಡೂದು ಮರ್ತ್ರೇನು ಅಂತ. ಆತು ಬಿಡಪಾ ಅಂತ ಅದು ಹೇಳಿದಂಗ ಮ್ಯಾಲಿನ ಸಾಲಿಗೆ ಇನ್ಕ್ಲೂಡ್ ಹಾಕಿದ್ವಿ. ಈಗ ಸಿ1853. ಅದರ ಮೆಸೇಜ್‌ದಾಗ ಎರಡ್ ಮಾತು ಅದಾವು: ಈ ಹೆಡರ್ ಹಳೇ ಕಂಪೈಲರ್ ವರ್ಷನ್‌ದ್ದು, ಇಲ್ಲಾ ಸಿ ಪ್ಲಸ್ ಪ್ಲಸ್‌ಗಂತ ಮಾಡಿದ್ದನ್ನ ಸಿ ಒಳಗ ಬಳಸಾಕತ್ತೀರಿ. ನಾವು ಮೊದಲಿನ ಅರ್ಧ ಅಷ್ಟ ಓದಿದ್ವಿ. ವಿಷುವಲ್ ಸ್ಟುಡಿಯೋ ಹಳೇದಾಗೇತಿ ಅಂತ ಅದನ್ನ ತಗದು, ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಮತ್ತ ಇಳಿಸಾಕ ಕುಂತ್ವಿ, ಖಾನಾವಳಿ ಮುಚ್ಚೂ ಹೊತ್ತಾದ್ರೂ ಇಳೀಲಿಲ್ಲ, ಆ ರಾತ್ರಿ ಬರೇ ಚುರಮರಿ. ಮುಂಜಾನೆ ಬಿಲ್ಡ್ ಮಾಡಿದ್ರ ಅದ ಸಿ1853.

ಉತ್ತರ ಮೆಸೇಜಿನ ಉಳಿದ ಅರ್ಧದಾಗ ಇತ್ತು. ಫೈಲ್ .ಸಿ ಇತ್ತು, ಹೆಡರ್ ಸಿ ಪ್ಲಸ್ ಪ್ಲಸ್‌ದ್ದಿತ್ತು. ಆ ಒಂದ್ ಫೈಲ್ ಮ್ಯಾಲ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸಿ/ಸಿ ಪ್ಲಸ್ ಪ್ಲಸ್, ಪ್ರೀಕಂಪೈಲ್ಡ್ ಹೆಡರ್ಸ್, ಅಲ್ಲಿ "ನಾಟ್ ಯೂಸಿಂಗ್" ಅಂತ ಆರಿಸಿ, ನಾವ ಹಾಕಿದ್ದ ಇನ್ಕ್ಲೂಡ್ ತಗದ್ವಿ. ಅರ್ಧ ನಿಮಿಷದ ಕೆಲಸ.

ಈಗ ಇದು ಏನು ಅಂತ ನೋಡೂಣು. ಐಒಸ್ಟ್ರೀಮ್ ಒಂದನ್ನ ಇನ್ಕ್ಲೂಡ್ ಮಾಡಿ ಜಿ ಪ್ಲಸ್ ಪ್ಲಸ್ ಕಂಪೈಲರ್‌ಗೆ -ಇ ಕೊಟ್ಟು (ದೊಡ್ಡ ಇ, ಇನ್ಕ್ಲೂಡ್ ಎಲ್ಲಾ ಬಿಚ್ಚಿ ತೋರಿಸು ಅಂತ) ಬಂದ ಸಾಲು ಎಣಿಸ್ರಿ, ಹತ್ತಾರು ಸಾವಿರ ಸಾಲು ಬರ್ತಾವು. ಪ್ರಾಜೆಕ್ಟ್‌ದಾಗ ಐವತ್ತು ಸಿಪಿಪಿ ಫೈಲ್ ಇದ್ರ ಕಂಪೈಲರ್ ಅಷ್ಟೂ ಸಾಲು ಐವತ್ತು ಸಲ ಓದಬೇಕು. ಅದಕ್ಕ ಒಮ್ಮಿ ಓದಿ, ಓದಿ ಮುಗಿಸಿದಾಗ ತನ್ನ ಮೆಮೊರಿಯಾಗ ಏನೇನಿತ್ತೋ ಅದನ್ನ ಹಂಗ ಡಿಸ್ಕಿಗೆ ಬರದ ಇಡತೈತಿ. ನಮ್ಮ ಕಡೆ ಬ್ಯಾಸಿಗ್ಯಾಗ ವರ್ಷಕ್ಕಾಗುವಷ್ಟು ಮಸಾಲಿ ಖಾರ ಕುಟ್ಟಿಸಿ ಡಬ್ಬಿ ತುಂಬಿಡೂದಿಲ್ಲೇನು, ಹಂಗ. ದಿನಾ ಪಲ್ಯಾಕ್ಕ ಕುಟ್ಟೂ ತ್ರಾಸು ಇಲ್ಲ. ಆದ್ರ ಬಳ್ಳೊಳ್ಳಿ ಹಾಕಿ ಕುಟ್ಟಿದ ಖಾರದಾಗಿಂದ ಆಮ್ಯಾಲ ಬಳ್ಳೊಳ್ಳಿ ಆರಿಸಿ ತಗ್ಯಾಕ ಬರೂದಿಲ್ಲ. ಇಲ್ಲೂ ಅಷ್ಟ, ಯಾವ ಕಂಪೈಲರ್, ಯಾವ ಭಾಷಾ, ಯಾವ ಫ್ಲ್ಯಾಗ್ ಇದ್ದಾಗ ಮಾಡಿದ್ರೋ ಅದೆಲ್ಲಾ ಒಳಗ ಕುಂತಿರತೈತಿ, ಬಳಸುವಾಗ ಅವು ಹೊಂದಬೇಕು. ಹಂಗಾಗಿ ಎರರ್ ಯಾವುದ ಬರಲಿ, ನಾ ಕೇಳೂ ಪ್ರಶ್ನೆ ಎರಡ: ಡಬ್ಬಿ ಇರಬೇಕಾದ ಜಾಗಾದಾಗ ಐತೇನು, ಇದ್ರ ಅದು ಈಗಿನ ಅಡಗಿಗೆ ಹೊಂದತೈತೇನು.

ವಿಷುವಲ್ ಸ್ಟುಡಿಯೋದಾಗ ಡಬ್ಬಿ ತುಂಬೂ ಕೆಲಸ ಒಂದ ಫೈಲಿಂದು, ಪಿಸಿಎಚ್.ಸಿಪಿಪಿ, ಅದಕ್ಕ /ವೈಸಿ ಅಂದ್ರ ಕ್ರಿಯೇಟ್. ಉಳಿದವಕ್ಕೆಲ್ಲಾ /ವೈಯು ಅಂದ್ರ ಯೂಸ್. 2017 ಮತ್ತ ಅದರ ಹಿಂದಿನ ವರ್ಷನ್‌ದಾಗ ಪಿಸಿಎಚ್ ಬದ್ಲಿ ಎಸ್‌ಟಿಡಿಎಎಫ್‌ಎಕ್ಸ್ ಅಂತ ಹೆಸರು ಇರತಿತ್ತು, ಸೀನಿಯರ್ಸ್ ಕಡಿಂದ ಬಂದ ಹಳೇ ಕೋಡ್‌ದಾಗ ಅದ ಕಾಣತೈತಿ, ಗಾಬರಿ ಆಗಬ್ಯಾಡ್ರಿ, ಎರಡೂ ಒಂದ. ಸಿ1083 ಬಂದು .ಪಿಸಿಎಚ್ ಫೈಲ್ ತಗ್ಯಾಕ ಆಗವಲ್ದು ಅಂದ್ರ ಡಬ್ಬೀನ ತುಂಬಿಲ್ಲ ಅಂತ, ಪಿಸಿಎಚ್.ಸಿಪಿಪಿಗೂ ಯಾರೋ ಯೂಸ್ ಅಂತ ಇಟ್ಟಿರತಾರ. ಇನ್ನೊಂದು ಭಾಳ ಮಂದಿ ಬೀಳೂ ಕುಣಿ ಅಂದ್ರ ಪ್ರಾಪರ್ಟೀಸ್ ಕಿಟಕಿ ಮ್ಯಾಲಿನ ಕಾನ್ಫಿಗರೇಶನ್ ಪಟ್ಟಿ, ಡಿಬಗ್‌ಗೆ ಅಷ್ಟ ಬದ್ಲಿ ಮಾಡಿ ಆರಾಮ ಇರತೀವಿ, ಡೆಮೋ ದಿನ ರಿಲೀಸ್ ಬಿಲ್ಡ್ ಮಾಡಿದ್ರ ಅದ ಎರರ್ ಮತ್ತ ಎದ್ದ ಬರತೈತಿ. ಆಲ್ ಕಾನ್ಫಿಗರೇಶನ್ಸ್, ಆಲ್ ಪ್ಲಾಟ್‌ಫಾರ್ಮ್ಸ್ ಅಂತ ಆರಿಸಿ ಆಮ್ಯಾಲ ಬದ್ಲಿ ಮಾಡ್ರಿ. ಕೈಲೆ ಲಿಂಕ್ ಮಾಡಾವ್ರಿಗೆ ಎಲ್‌ಎನ್‌ಕೆ2011 ಬಂದ್ರ ಪಿಸಿಎಚ್.ಒಬಿಜೆ ಲಿಂಕ್ ಸಾಲಿನ್ಯಾಗ ಬಿಟ್ಟೀರಿ ಅಂತ, ಅಷ್ಟ.

ಇಲ್ಲಿ ಒಂದ್ ವಿಷಯ ನಿಂತು ನೋಡೂ ಅಂಥಾದ್ದೈತಿ. /ವೈಯು ಇದ್ದಾಗ ಪಿಸಿಎಚ್.ಎಚ್ ಇನ್ಕ್ಲೂಡ್ ಸಾಲಿನ *ಮ್ಯಾಲ* ಏನ್ ಬರದ್ರೂ ಕಂಪೈಲರ್ ಅದನ್ನ ಓದೂದ ಇಲ್ಲ, ಸೀದಾ ಹಾರತೈತಿ. ನಾ ಒಮ್ಮಿ ಮೊದಲನೇ ಸಾಲಿಗೆ ವೆಕ್ಟರ್ ಇನ್ಕ್ಲೂಡ್, ಎರಡನೇ ಸಾಲಿಗೆ ಪಿಸಿಎಚ್.ಎಚ್ ಹಾಕಿದ್ದೆ. ವೆಕ್ಟರ್ ಅನ್ನೂದು ಎಸ್‌ಟಿಡಿ ಒಳಗ ಇಲ್ಲ ಅಂತ ಎರರ್. ಕಣ್ಣಮುಂದ ಇನ್ಕ್ಲೂಡ್ ಐತಿ, ಇಲ್ಲಂತದಲ್ಲಾ ಅಂತ ತಲಿ ಕೆಟ್ಟ ಹೋತು. ಸಾಲು ಕೆಳಗ ಮ್ಯಾಲ ಮಾಡಿದೆ, ಮುಗೀತು. ಅದರ ಜೋಡಿ ಸಿ4627 ವಾರ್ನಿಂಗ್ ಬಂದಿದ್ರ ಅದು ಇದನ್ನ ಹೇಳಾಕತ್ತಿರತೈತಿ, ಪ್ರೀಕಂಪೈಲ್ಡ್ ಹೆಡರ್ ಹುಡುಕುವಾಗ ಇದನ್ನ ಬಿಟ್ಟೆ ಅಂತ. ನಾವು ವಾರ್ನಿಂಗ್ ಯಾವಾಗ ಓದೀವಿ ಹೇಳ್ರಿ.

ಇನ್ನ ಜಿಸಿಸಿ, ಅಂದ್ರ ಮ್ಯಾಲ ಹೇಳಿದ ಜಿ ಪ್ಲಸ್ ಪ್ಲಸ್ ಬರೂ ಕಂಪೈಲರ್. ವಿಷುವಲ್ ಸ್ಟುಡಿಯೋ ಜಗಳ ತಗೀತೈತಿ, ಜಿಸಿಸಿ ಜಗಳ ತಗ್ಯಾಂಗಿಲ್ಲ, ಸುಮ್ಮನಿರತೈತಿ, ನನಗ ಅದಕ್ಕ ಇದರ ಅಂಜಿಕಿ ಜಾಸ್ತಿ. ಪಿಸಿಎಚ್.ಎಚ್ ಅನ್ನ ಕಂಪೈಲ್ ಮಾಡಿದ್ರ ಬಾಜೂಕ ಪಿಸಿಎಚ್.ಎಚ್.ಜಿಸಿಎಚ್ ಹುಟ್ಟತೈತಿ, ಮುಂದ ಯಾವ ಫೈಲ್ ಪಿಸಿಎಚ್.ಎಚ್ ಕೇಳಿದ್ರೂ ಮೊದಲ ಈ .ಜಿಸಿಎಚ್ ನೋಡತೈತಿ. ಹೊಂದಲಿಲ್ಲ ಅಂದ್ರ ಏನೂ ಹೇಳದ ಸಾದಾ ಹೆಡರ್ ತಗೊಂಡು ಮುಂದ ಹೋಗತೈತಿ. ಪ್ರೋಗ್ರಾಂ ಬರೋಬ್ಬರಿ ಓಡತೈತಿ, ಬಿಲ್ಡ್ ಮಾತ್ರ ಮೊದಲಿನಷ್ಟ ನಿಧಾನ, ನಾವು ಪ್ರೀಕಂಪೈಲ್ಡ್ ಹೆಡರ್ ಹಾಕೀವಿ ಅಂತ ರಿಪೋರ್ಟ್‌ದಾಗ ಬರದಿರತೀವಿ.

ಬಾಯಿ ಬಿಡಿಸಾಕ ಎರಡ್ ಫ್ಲ್ಯಾಗ್ ಅದಾವು. ದೊಡ್ಡ ಎಚ್, ಅಂದ್ರ -ಎಚ್ ಕೊಟ್ರ ತಗೊಂಡ ಒಂದೊಂದು ಹೆಡರ್ ಹೆಸರು ಸಾಲಾಗಿ ಬರತಾವು. .ಜಿಸಿಎಚ್ ಹೆಸರಿನ ಮುಂದ ಆಶ್ಚರ್ಯಸೂಚಕ ಚಿಹ್ನೆ ಇದ್ರ ತಗೊಂಡೈತಿ, ಎಕ್ಸ್ ಇದ್ರ ನೋಡಿ ಬ್ಯಾಡಂತ ಬಿಟ್ಟೈತಿ, ಎರಡೂ ಇಲ್ಲಾಂದ್ರ ಅದರ ಕಣ್ಣಿಗೇ ಬಿದ್ದಿಲ್ಲ. ಎಕ್ಸ್ ಬಂದ್ರ -ಡಬ್ಲ್ಯೂಇನ್‌ವ್ಯಾಲಿಡ್-ಪಿಸಿಎಚ್ ಹಚ್ರಿ, ಯಾಕ ಬಿಟ್ಟೆ ಅನ್ನೂದನ್ನೂ ಹೇಳತೈತಿ. ನಮಗ ಬಂದಿದ್ದು ಹಿಂಗ: _ರೀಎಂಟ್ರಂಟ್ ಡಿಫೈನ್ ಆಗೇತಿ, ಅದಕ್ಕ ಬಳಸಿಲ್ಲ ಅಂತ. ಆ ಹೆಸರನ್ನ ನಮ್ಮ ಕೋಡ್‌ದಾಗ ಎಲ್ಲೂ ಬರದಿಲ್ಲ, ಎಲ್ಲಿಂದ ಬಂತು? ಪ್ರೋಗ್ರಾಂದಾಗ ಥ್ರೆಡ್ ಇದ್ವು ಅಂತ ಅದನ್ನ -ಪಿಥ್ರೆಡ್ ಹಚ್ಚಿ ಕಂಪೈಲ್ ಮಾಡತಿದ್ವಿ, ಆ ಫ್ಲ್ಯಾಗ್ ತಾನ ಈ ಮ್ಯಾಕ್ರೋ ಡಿಫೈನ್ ಮಾಡತೈತಿ. ಹೆಡರ್ ಕಂಪೈಲ್ ಮಾಡುವಾಗ -ಪಿಥ್ರೆಡ್ ಇರ್ಲಿಲ್ಲ. ಮೇಕ್‌ಫೈಲ್‌ದಾಗ (ಬಿಲ್ಡ್ ಹೆಂಗ ಮಾಡೂದು ಅಂತ ಬರದಿಡೂ ಫೈಲ್) ಸಿಎಕ್ಸ್‌ಎಕ್ಸ್‌ಫ್ಲ್ಯಾಗ್ಸ್ ಅನ್ನೂ ಫ್ಲ್ಯಾಗ್ ಪಟ್ಟಿ ಒಂದ ಇಟ್ಟು ಎರಡಕ್ಕೂ ಅದನ್ನ ಕೊಟ್ವಿ, ಎಕ್ಸ್ ಹೋಗಿ ಆಶ್ಚರ್ಯಸೂಚಕ ಬಂತು. -ಓ2, -ಜಿ, -ಎಸ್‌ಟಿಡಿ ಎಲ್ಲಾಕ್ಕೂ ಇದ ಪಾಠ. ಕೆಲವು ಫ್ಲ್ಯಾಗ್ ಬ್ಯಾರೆ ಇದ್ರೂ ನಡೀತಾವು, ಆದ್ರ ಯಾವುದು ನಡೀತೈತಿ ಯಾವುದು ಇಲ್ಲ ಅಂತ ಬಾಯಿಪಾಠ ಮಾಡೂಕಿಂತ ಎರಡೂ ಕಡೆ ಒಂದ ಇಡೂದು ಚಲೋ.

ಮತ್ತ, ಒಂದ್ ಕಂಪೈಲಿಗೆ ಒಂದ .ಜಿಸಿಎಚ್ ನಡೀತೈತಿ, ಅದರ ಇನ್ಕ್ಲೂಡ್ ಮೊದಲ ಬರಬೇಕು, ಅದಕ್ಕಿಂತ ಮ್ಯಾಲ ಕಾಮೆಂಟ್ ಇದ್ರ ಅಡ್ಡಿಯಿಲ್ಲ, ಇಂಟ್ ಎಕ್ಸ್; ಅಂತ ಒಂದ ಒಂದು ಸಾಲು ಕೋಡ್ ಇದ್ರೂ ಮುಗೀತು. ಏನೂ ಚಿಹ್ನೆ ಬರಲಿಲ್ಲ ಅಂದ್ರ ಜಾಗಾ ನೋಡ್ರಿ. .ಜಿಸಿಎಚ್ ಅನ್ನ ಬಿಲ್ಡ್ ಫೋಲ್ಡರ್‌ದಾಗ ಇಟ್ಟು -ಐ ಬಿಲ್ಡ್ ಅಂತ ಕೊಟ್ಟೀವಿ (ದೊಡ್ಡ ಐ, ಆ ಫೋಲ್ಡರ್‌ದಾಗೂ ಹೆಡರ್ ಹುಡುಕು ಅಂತ) ಅಂತಾರ, ಆದ್ರ ಕೋಟ್ ಹಾಕಿ ಇನ್ಕ್ಲೂಡ್ ಮಾಡಿದ್ರ ಕಂಪೈಲರ್ ಮೊದಲ ಆ ಸಿಪಿಪಿ ಇದ್ದ ಫೋಲ್ಡರ್ ನೋಡತೈತಿ, ಅಲ್ಲೇ ಪಿಸಿಎಚ್.ಎಚ್ ಸಿಕ್ಕತಲಾ, ಬಿಲ್ಡ್ ಫೋಲ್ಡರ್ ತನಕ ಯಾಕ ಹೋದೀತು.

ಎಲ್ಲಾಕಿಂತ ಕೆಟ್ಟದ್ದು ಹಳಸಿದ ಡಬ್ಬಿ. ಜಿಸಿಸಿ .ಜಿಸಿಎಚ್ ಹುಟ್ಟಿದ ಮ್ಯಾಲ ಹೆಡರ್ ಬದ್ಲಿ ಆಗೇತೇನು ಅಂತ ತಾರೀಖು ನೋಡಾಂಗಿಲ್ಲ. ನೀವು ಪಿಸಿಎಚ್.ಎಚ್ ಒಳಗಿನ ಒಂದ್ ಕಾನ್‌ಸ್ಟಂಟ್ 10 ಇದ್ದದ್ದು 20 ಮಾಡ್ರಿ, .ಜಿಸಿಎಚ್ ಮತ್ತ ಮಾಡಬ್ಯಾಡ್ರಿ, ಪ್ರೋಗ್ರಾಂ 10 ಅಂತ ಹೇಳತೈತಿ. ಫೈಲ್ ತಗದ್ರ 20 ಕಾಣತೈತಿ, ದೆವ್ವ ಬಡದಂಗ. ಮೇಕ್‌ಫೈಲ್‌ದಾಗ ಪಿಸಿಎಚ್.ಎಚ್.ಜಿಸಿಎಚ್ ಮುಂದ ಪಿಸಿಎಚ್.ಎಚ್ ಮತ್ತ ಅದು ಎಳಕೊಳ್ಳೂ ನಿಮ್ಮ ಸ್ವಂತ ಹೆಡರ್ ಎಲ್ಲಾ ಡಿಪೆಂಡೆನ್ಸಿ ಅಂತ ಬರೀರಿ. ಕ್ಲ್ಯಾಂಗ್ ಅನ್ನೂ ಇನ್ನೊಂದು ಕಂಪೈಲರ್ ಈ ವಿಷಯದಾಗ ಶಾಣ್ಯಾ, ಪ್ರೀಕಂಪೈಲ್ಡ್ ಹೆಡರ್ ಆದ ಮ್ಯಾಲ ಈ ಫೈಲ್ ತಿದ್ದೀರಿ ಅಂತ ಎರರ್ ಕೊಟ್ಟು ನಿಂದರತೈತಿ.

ಸಿಮೇಕ್ ಅಂದ್ರ ಮೇಕ್‌ಫೈಲ್ ಇಂಥಾವನ್ನ ತಾನ ಬರದ ಕೊಡೂ ಟೂಲ್. ಅದರಾಗ 3.16ರಿಂದ ಟಾರ್ಗೆಟ್_ಪ್ರೀಕಂಪೈಲ್_ಹೆಡರ್ಸ್ ಅಂತ ಕಮಾಂಡ್ ಐತಿ, ಉಬುಂಟು 20.04ರಾಗ ಇರೂದು ಅದ 3.16, ಅಂದ್ರ ಲ್ಯಾಬಿನ ಹಳೇ ಮಷಿನ್‌ದಾಗೂ ನಡೀತೈತಿ. ಫ್ಲ್ಯಾಗ್ ಹೊಂದಿಸೂದು, ಡಿಪೆಂಡೆನ್ಸಿ ಎಲ್ಲಾ ಅದ ನೋಡ್ಕೋತೈತಿ, ಯಾವುದರ ಒಂದ್ ಫೈಲಿಗೆ ಬ್ಯಾಡಂದ್ರ ಅದಕ್ಕ ಸ್ಕಿಪ್_ಪ್ರೀಕಂಪೈಲ್_ಹೆಡರ್ಸ್ ಪ್ರಾಪರ್ಟಿ ಆನ್ ಮಾಡ್ರಿ. ಆದ್ರ ಇದು ಹೆಡರ್‌ನ ತಾನ ಎಲ್ಲಾ ಫೈಲಿಗೂ ತುರುಕತೈತಿ, ಹಂಗಾಗಿ ಸ್ಟ್ರಿಂಗ್ ಇನ್ಕ್ಲೂಡ್ ಮಾಡದಿದ್ರೂ ಸ್ಟ್ರಿಂಗ್ ನಡೀತೈತಿ, ಆ ಫೈಲನ್ನ ಬ್ಯಾರೆ ಪ್ರಾಜೆಕ್ಟಿಗೆ ಒಯ್ದಾಗ ಎರರ್ ಸುರಿಮಳಿ. ಸಬ್ಮಿಟ್ ಮಾಡೂ ಮೊದಲ ಸಿಮೇಕ್_ಡಿಸೇಬಲ್_ಪ್ರೀಕಂಪೈಲ್_ಹೆಡರ್ಸ್ ಆನ್ ಮಾಡಿ ಒಮ್ಮಿ ಪೂರ್ತಿ ಬಿಲ್ಡ್ ಮಾಡಿ ನೋಡ್ರಿ, ಎಲ್ಲೆಲ್ಲಿ ಇನ್ಕ್ಲೂಡ್ ಬಿಟ್ಟೀರಿ ಅಂತ ಆಗ ಗೊತ್ತಾಗತೈತಿ.

ಒಳಗ ಏನ್ ಹಾಕೂದು ಅಂದ್ರ, ವೆಕ್ಟರ್, ಮ್ಯಾಪ್, ವಿಂಡೋಸ್.ಎಚ್ ಇಂಥಾ ನಾವು ಮುಟ್ಟದ ಹೆಡರ್ ಅಷ್ಟ. ದಿನಾ ತಿದ್ದೂ ಸ್ಟೂಡೆಂಟ್.ಎಚ್ ಹಾಕಿದ್ರ ಅದರಾಗ ಒಂದ್ ಅಕ್ಷರ ಬದ್ಲಾದ್ರೂ ಪೂರ್ತಿ ಪ್ರಾಜೆಕ್ಟ್ ಮತ್ತ ಬಿಲ್ಡ್. ಲ್ಯಾಬಿನ ನಾಕು ಫೈಲ್ ಪ್ರೋಗ್ರಾಂಗೆ ಈ ಗದ್ಲಾನ ಬ್ಯಾಡ, ಹೊಸ ಪ್ರಾಜೆಕ್ಟ್ ಮಾಡುವಾಗ ಎಂಪ್ಟಿ ಪ್ರಾಜೆಕ್ಟ್ ಆರಿಸ್ರಿ. ಮತ್ತ .ಪಿಸಿಎಚ್, .ಜಿಸಿಎಚ್ ಫೈಲ್ ಪೆನ್ ಡ್ರೈವ್‌ದಾಗ ಹಾಕಿ ದೋಸ್ತಗ ಕೊಡಬ್ಯಾಡ್ರಿ, ಹತ್ತಾರು ಎಂಬಿ ತಿಂತಾವು, ಅವನ ಕಂಪೈಲರ್ ಬ್ಯಾರೆ ಇದ್ರ ಉಪಯೋಗಕ್ಕೂ ಬರಾಂಗಿಲ್ಲ. ಗಿಟ್ ಬಳಸಾವ್ರು ಗಿಟ್‌ಇಗ್ನೋರ್‌ದಾಗ ಎರಡೂ ಸೇರಿಸ್ರಿ.